ಯೂನಿಯನ್ ಚಂದಾಕ್ಕೆ ತಕ್ಕ ಸೇವೆ ಸಿಗುತ್ತಿದೆಯೇ?

ಸಂಬಳದ ಚೀಟಿಯಲ್ಲಿ ತೆರಿಗೆ, ವಿಮೆ, ಸಾಲದ ಕಂತುಗಳ ನಡುವೆ ಕಾರ್ಮಿಕ ಸಂಘದ ಚಂದಾ ಎಂಬ ಒಂದು ಸಾಲು ಇರುತ್ತದೆ. ಮೊತ್ತ ದೊಡ್ಡದಲ್ಲ, ಬಹಳ ಕಡೆ ಸಂಬಳದ ನೂರಕ್ಕೆ ಒಂದೋ ಎರಡೋ ಪಾಲು. ಆದರೆ ಅದು ಕೊಟ್ಟು ಮರೆಯುವ ದಾನವಲ್ಲ, ಒಂದು ಸೇವೆಗೆ ಕೊಟ್ಟ ಬೆಲೆ. ಬೇರೆ ಸೇವೆಗಳನ್ನು ಹೇಗೆ ತೂಗಿ ನೋಡುತ್ತೇವೋ ಇದನ್ನೂ ಹಾಗೆಯೇ ತೂಗಬೇಕು: ಏನು ಕೊಡುತ್ತೇವೆ ಎಂದರು, ಏನು ಕೊಟ್ಟರು, ಕೆಟ್ಟರೆ ಯಾರನ್ನು ಕೇಳಬೇಕು. ಯೂನಿಯನ್ ಇದ್ದರೆ ಸಾಕು ಉದ್ಧಾರ ಎನ್ನುವವರೂ ಯೂನಿಯನ್ ಕಾಲಿಟ್ಟರೆ ಕಾರ್ಖಾನೆಗೆ ಬೀಗ ಎನ್ನುವವರೂ ಈ ತೂಕಕ್ಕೆ ಇಳಿಯುವುದೇ ಇಲ್ಲ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಕೊಟ್ಟ ಚಂದಾಕ್ಕಿಂತ ಹೆಚ್ಚು ಲಾಭವನ್ನು ಯೂನಿಯನ್ ಇವತ್ತಿಗೂ ತಂದುಕೊಡಬಲ್ಲದು. ಷರತ್ತು ಒಂದೇ: ಪದಾಧಿಕಾರಿಗಳನ್ನು ಕೆಳಗಿಳಿಸುವ ಅಧಿಕಾರ ಸದಸ್ಯರ ಕೈಯಲ್ಲಿ ನಿಜವಾಗಿ ಇರಬೇಕು, ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಬರೆದಿದ್ದರೆ ಸಾಲದು. ಅದು ಇಲ್ಲದ ಕಡೆ ಅದೇ ಸಂಘ ಅದೇ ಸದಸ್ಯರಿಗೆ ಹಾನಿ ಮಾಡುತ್ತದೆ. ಆ ಹಾನಿ ಮೊದಲು ತಟ್ಟುವುದು ಹೊಸದಾಗಿ ಸೇರಿದವರಿಗೆ, ಗುತ್ತಿಗೆಯವರಿಗೆ, ನಾಯಕರ ಗುಂಪಿಗೆ ಸೇರದವರಿಗೆ.

ನೋಟಿಸು ಬಂದ ದಿನ

ಯೂನಿಯನ್ನಿನ ಬೆಲೆ ಗೊತ್ತಾಗುವುದು ಸಂಬಳ ಏರಿದ ದಿನವಲ್ಲ, ಆರೋಪ ಹೊರಿಸಿ ವಿವರಣೆ ಕೇಳುವ ಶೋಕಾಸ್ ನೋಟಿಸು ಕೈಗೆ ಬಂದ ದಿನ. ಸಂಬಳ ಏರಿದ್ದು ಕರಪತ್ರದಲ್ಲಿ ಅಚ್ಚಾಗುತ್ತದೆ, ಗೇಟ್ ಮೀಟಿಂಗಿನಲ್ಲಿ ಚಪ್ಪಾಳೆ ಬೀಳುತ್ತದೆ. ವಿಚಾರಣೆಯ ಕೋಣೆಯಲ್ಲಿ ಕೂತವರ ಪಕ್ಕದ ಕುರ್ಚಿಯಲ್ಲಿ ಯಾರಿದ್ದರು, ಏನು ಕೇಳಿದರು ಎಂಬುದು ಯಾವ ಕರಪತ್ರಕ್ಕೂ ಬರುವುದಿಲ್ಲ. ಸೇವೆಯ ಗುಣಮಟ್ಟವನ್ನು ಅಲ್ಲೇ ನೋಡಬೇಕು.

ಕೆಲಸ ಬಲ್ಲ ಪ್ರತಿನಿಧಿ ಮೊದಲು ನೋಡುವುದು ಉತ್ತರದ ಗಡುವನ್ನು. ದಾಖಲೆ ಬೇಕೆಂದು ಅದೇ ದಿನ ಪತ್ರ ಕೊಟ್ಟು, ದಾಖಲೆ ಸಿಗುವತನಕ ಗಡುವು ವಿಸ್ತರಿಸಿ ಎಂದು ಕೇಳುತ್ತಾರೆ. ಆಮೇಲೆ ಆರೋಪವನ್ನು ಬಿಡಿಸಿ ಕೇಳುತ್ತಾರೆ: ಯಾವ ತಾರೀಕು, ಯಾವ ಶಿಫ್ಟು, ಯಾವ ನಿಯಮ ಮುರಿದದ್ದು, ಕಂಡವರು ಯಾರು. "ಅಶಿಸ್ತಿನ ವರ್ತನೆ" ಎಂಬ ಎರಡು ಪದದ ಆರೋಪಕ್ಕೆ ಉತ್ತರ ಬರೆಯಲು ಒಪ್ಪುವುದಿಲ್ಲ, ಏಕೆಂದರೆ ಅಂಥ ಉತ್ತರ ಆಮೇಲೆ ಯಾವ ಆರೋಪಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಹಾಜರಿ ಪುಸ್ತಕ, ಗೇಟ್ ಪಾಸು, ಯಂತ್ರದ ಲಾಗ್‌ಬುಕ್ಕು ನಾಳೆಯೂ ಇರುತ್ತವೆ. ಸಿಸಿಟಿವಿ ದೃಶ್ಯ ಹಾಗಲ್ಲ. ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಡಿ ಎಂಬ ಪತ್ರ ಮೊದಲ ದಿನವೇ ಹೋಗಬೇಕು.

ವಿಚಾರಣೆಯಲ್ಲಿ ಎತ್ತಬೇಕಾದ ಪ್ರಶ್ನೆಗಳಿಗೆ ಒಂದು ಹಳೆಯ ಮಾದರಿ ಇದೆ. ಅಮೆರಿಕದ ಮಧ್ಯಸ್ಥಗಾರ ಕ್ಯಾರಲ್ ಡಾಹರ್ಟಿ 1966ರ ಒಂದು ತೀರ್ಪಿನಲ್ಲಿ ಏಳು ಪ್ರಶ್ನೆಗಳನ್ನು ಕ್ರಮವಾಗಿ ಇಟ್ಟರು. ಹೀಗೆ ಮಾಡಿದರೆ ಶಿಕ್ಷೆಯಾಗುತ್ತದೆ ಎಂದು ಮುಂಚೆ ತಿಳಿಸಿದ್ದರೇ? ಆ ನಿಯಮ ಕೆಲಸಕ್ಕೆ ಸಂಬಂಧಿಸಿದ್ದೇ, ಸಮಂಜಸವೇ? ಶಿಕ್ಷೆಗೆ ಮೊದಲು ತನಿಖೆ ನಡೆಯಿತೇ? ತನಿಖೆ ನಿಷ್ಪಕ್ಷಪಾತವಾಗಿತ್ತೇ? ಸಾಕ್ಷ್ಯ ಇದೆಯೇ? ಇದೇ ತಪ್ಪು ಮಾಡಿದ ಬೇರೆಯವರಿಗೂ ಇದೇ ಶಿಕ್ಷೆಯಾಗಿತ್ತೇ? ತಪ್ಪಿಗೂ ಹಿಂದಿನ ಸೇವೆಗೂ ತಕ್ಕಷ್ಟೇ ಶಿಕ್ಷೆಯೇ? ಬೇರೆ ದೇಶಗಳ ಕಾನೂನಿನ ಮಾತು ಬೇರೆ ಇರಬಹುದು, ಆದರೆ ವಿಚಾರಣೆಯ ಕೋಣೆ ಎಲ್ಲೇ ಇರಲಿ ಈ ಏಳೂ ಪ್ರಶ್ನೆ ಅಲ್ಲಿ ನಿಲ್ಲುತ್ತವೆ. ನಮ್ಮ ಲೆಕ್ಕದಲ್ಲಿ ಆರನೆಯದೇ ಹೆಚ್ಚು ಬಲದ್ದು, ಮತ್ತು ಅದಕ್ಕೆ ಉತ್ತರ ಒಬ್ಬಂಟಿ ಕಾರ್ಮಿಕರಲ್ಲಿ ಇರುವುದೇ ಇಲ್ಲ. ಎಂಟು ವರ್ಷದ ಹಿಂದೆ ಬೇರೊಂದು ವಿಭಾಗದಲ್ಲಿ ಇದೇ ತಪ್ಪಿಗೆ ಎರಡು ದಿನ ಸಸ್ಪೆಂಡ್ ಮಾತ್ರ ಆಗಿತ್ತು ಎಂಬ ನೆನಪು ಯೂನಿಯನ್ ಕಚೇರಿಯ ಫೈಲಿನಲ್ಲಿರಬೇಕು. ಹಳೆಯ ಶಿಸ್ತುಕ್ರಮಗಳ ಫೈಲು ಇಡದ ಯೂನಿಯನ್ ಅರ್ಧ ಸೇವೆಯನ್ನು ಮೊದಲೇ ಕೈಬಿಟ್ಟ ಹಾಗೆ.

ಇಲ್ಲಿ ಅತಿ ಹೆಚ್ಚು ಕೆಡುವುದು ಒಂದೇ ಕಾರಣಕ್ಕೆ: ಕ್ಷಮಾಪಣಾ ಪತ್ರ. "ಎರಡು ಸಾಲು ಬರೆದುಕೊಡು, ನಾನು ಸಾಹೇಬರ ಹತ್ತಿರ ಮಾತಾಡಿದ್ದೇನೆ, ಇಲ್ಲಿಗೇ ಮುಗಿಸೋಣ" ಎಂದು ಪದಾಧಿಕಾರಿ ಹೇಳುತ್ತಾರೆ. ಆ ಎರಡು ಸಾಲು ತಪ್ಪೊಪ್ಪಿಗೆಯಾಗಿ ಸೇವಾ ಕಡತಕ್ಕೆ ಸೇರುತ್ತದೆ. ಮುಂದಿನ ಸಲ ಸಣ್ಣ ತಪ್ಪಾದಾಗ ಅದೇ ಪತ್ರ ಹೊರಬರುತ್ತದೆ, ಹಿಂದೆಯೂ ಹೀಗೇ ನಡೆದುಕೊಂಡಿದ್ದಾರೆ ಎಂದು ಡಿಸ್ಮಿಸ್ ಆದೇಶಕ್ಕೆ ಆಧಾರವಾಗುತ್ತದೆ. ರಾಜಿ ಬೇಕೇ ಬೇಕು ಎನಿಸಿದರೆ ಪತ್ರದಲ್ಲಿ ಮೂರು ಸಂಗತಿ ಇರಬೇಕು: ಆರೋಪ ಒಪ್ಪಿಕೊಂಡಿಲ್ಲ, ವಿವಾದ ಬೆಳೆಸದಿರಲು ಎರಡೂ ಕಡೆ ಒಪ್ಪಿವೆ, ಇಷ್ಟು ತಿಂಗಳ ನಂತರ ಈ ಕಾಗದ ಕಡತದಿಂದ ತೆಗೆಯಲಾಗುತ್ತದೆ. ಇದನ್ನು ಬರೆಸದೆ ಸಹಿ ಹಾಕಿಸುವ ಪ್ರತಿನಿಧಿ ನಿಮ್ಮ ಕೆಲಸ ಮಾಡುತ್ತಿಲ್ಲ.

ಇನ್ನೊಂದು ಸಣ್ಣ ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಶಿಕ್ಷೆಗೆ ದಾರಿಯಾಗಬಹುದಾದ ಪ್ರಶ್ನೋತ್ತರದಲ್ಲಿ ಯೂನಿಯನ್ ಪ್ರತಿನಿಧಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1975ರ ವೈನ್‌ಗಾರ್ಟನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ಆ ಹಕ್ಕು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ. ಮ್ಯಾನೇಜ್‌ಮೆಂಟ್ ತಾನಾಗಿ ನೆನಪಿಸಬೇಕಿಲ್ಲ. ಒಳ್ಳೆಯ ಯೂನಿಯನ್‌ಗಳು ಕೇಳಬೇಕಾದ ಆ ವಾಕ್ಯವನ್ನು ಸದಸ್ಯತ್ವದ ಕಾರ್ಡಿನ ಹಿಂಬದಿಯಲ್ಲೇ ಅಚ್ಚು ಮಾಡಿಸುತ್ತವೆ. ನಿಮ್ಮ ಕಾರ್ಡನ್ನು ತಿರುಗಿಸಿ ನೋಡಿ.

ದಿನನಿತ್ಯದ ದೂರುಗಳ ವಿಷಯದಲ್ಲೂ ಇದೇ ಮಾತು. ಓಟಿ ಕೊಡಲಿಲ್ಲ, ಹಿರಿತನ ಬಿಟ್ಟು ಬೇರೆಯವರಿಗೆ ಬಡ್ತಿ ಕೊಟ್ಟರು, ರಜೆ ತಿರಸ್ಕರಿಸಿದರು ಎಂಬ ದೂರು ಗೆಲ್ಲುವುದು ನ್ಯಾಯದ ಬಲದಿಂದ ಮಾತ್ರವಲ್ಲ, ಕಾಗದದ ಬಲದಿಂದ. ಒಪ್ಪಂದದ ಯಾವ ಕಲಮು ಮುರಿಯಿತು, ಯಾವ ದಿನ, ಪರಿಹಾರವಾಗಿ ಏನು ಬೇಕು ಎಂಬ ಮೂರೂ ಬೇಕು. ಮೂರನೆಯದನ್ನೇ ಜನ ಮರೆಯುತ್ತಾರೆ. ಪರಿಹಾರ ಕೇಳದ ದೂರಿಗೆ "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬರುತ್ತದೆ, ಬಾಕಿ ಹಣ ಹೋದಂತೆಯೇ. ಗಡುವು ದಾಟಿದ ದೂರನ್ನು ಎಷ್ಟೇ ಸತ್ಯವಿದ್ದರೂ ಮೇಲಿನ ಹಂತದಲ್ಲಿ ಎತ್ತಲಾಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಒಪ್ಪಂದದ ಮಾತುಕತೆಯ ಹೊತ್ತಿನಲ್ಲಿ ನಡೆಯುತ್ತದೆ: ಬಾಕಿ ಇರುವ ಐವತ್ತು ದೂರುಗಳನ್ನು ಒಟ್ಟಿಗೆ ಕಟ್ಟಿ, ಒಂದು ಸಣ್ಣ ಭತ್ಯೆಗೆ ಬದಲಾಗಿ ಎಲ್ಲವನ್ನೂ ಹಿಂತೆಗೆದುಕೊಳ್ಳುವುದು. ದೂರು ಕೊಟ್ಟವರಿಗೆ ಅದು ತಿಳಿಯುವುದು ತಿಂಗಳುಗಳಾದ ಮೇಲೆ.

ಒಪ್ಪಂದದ ಕಾಗದ ಓದುವುದು

ಯೂನಿಯನ್ ಇದ್ದ ಕಡೆ ಸಂಬಳ ಹೆಚ್ಚೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ದಶಕಗಳಿಂದ ಲೆಕ್ಕ ಹಾಕಿದ್ದಾರೆ. ಒಂದೇ ಬಗೆಯ ಕೆಲಸ, ಒಂದೇ ಮಟ್ಟದ ಅನುಭವ ಇರುವವರನ್ನು ಹೋಲಿಸಿದಾಗ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹೆಚ್ಚು ಎಂಬುದು ಅಲ್ಲಿನ ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುವ ಅಂದಾಜು. ಇದಕ್ಕೆ ಎದುರು ನಿಲ್ಲುವ ಸಾಕ್ಷ್ಯವನ್ನೂ ಹೇಳಬೇಕು. ಜಾನ್ ಡಿನಾರ್ಡೊ, ಡೇವಿಡ್ ಲೀ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೂನಿಯನ್ ಬೇಕೇ ಬೇಡವೇ ಎಂಬ ಮತದಾನದಲ್ಲಿ ಕೂದಲೆಳೆಯಲ್ಲಿ ಗೆದ್ದ ಮತ್ತು ಕೂದಲೆಳೆಯಲ್ಲಿ ಸೋತ ಕಾರ್ಖಾನೆಗಳನ್ನು ಹೋಲಿಸಿದರು. ಗೆದ್ದ ಕಡೆ ಸಂಬಳ ಹೇಳಿಕೊಳ್ಳುವಷ್ಟು ಏರಲಿಲ್ಲ. ಕಾರ್ಖಾನೆಗಳು ಹೆಚ್ಚಾಗಿ ಮುಚ್ಚಲೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ತಿಳಿಯುವುದು ಇಷ್ಟು: ಅರ್ಧದಷ್ಟು ಜನ ಮಾತ್ರ ಬೆನ್ನಿಗಿರುವ ಯೂನಿಯನ್ ಮಾತುಕತೆಯ ಮೇಜಿನಲ್ಲಿ ಬಡವಾಗಿರುತ್ತದೆ. ಬೋರ್ಡು ತೂಗುಹಾಕಿದ ಮಾತ್ರಕ್ಕೆ ಸಂಬಳ ಏರದು. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ಅಮೆಜಾನ್ ಗೋದಾಮಿನ ಕಾರ್ಮಿಕರು 2022ರ ಏಪ್ರಿಲ್‌ನಲ್ಲಿ ಮತದಾನ ಗೆದ್ದರು. ಮೂರು ವರ್ಷ ಕಳೆದರೂ ಮೊದಲ ಒಪ್ಪಂದ ಕೈಗೆ ಬಂದಿರಲಿಲ್ಲ.

ಒಪ್ಪಂದ ಬಂದ ಮೇಲೆ ಅದನ್ನು ಓದುವುದೂ ಒಂದು ವಿದ್ಯೆ. "ಮೂರು ವರ್ಷಕ್ಕೆ ಶೇಕಡಾ 12 ಹೆಚ್ಚಳ" ಎಂಬ ತಲೆಬರಹದ ಕೆಳಗೆ ಎರಡು ಬೇರೆ ಬೇರೆ ಒಪ್ಪಂದಗಳು ಅಡಗಿರಬಹುದು. ಈಗಿನ ವರ್ಷದ ಸಂಬಳ 100 ಎಂದಿಟ್ಟುಕೊಳ್ಳಿ. ವರ್ಷಕ್ಕೆ 4, 4, 4 ಎಂದು ಏರಿದರೆ ಸಂಬಳ 104, 108, 112. ಮೂರು ವರ್ಷದಲ್ಲಿ ಕೈಗೆ ಬಂದ ಹೆಚ್ಚುವರಿ 24. ಅದೇ 2, 2, 8 ಎಂದು ಏರಿದರೆ 102, 104, 112. ಹೆಚ್ಚುವರಿ 18 ಮಾತ್ರ. ಎರಡನ್ನೂ ಶೇಕಡಾ 12 ಎಂದೇ ಕರೆಯುತ್ತಾರೆ. ಹಾಗಾಗಿ ಶೇಕಡಾವಾರು ಕೇಳಬೇಡಿ, ಯಾವ ತಿಂಗಳಿಂದ ಎಷ್ಟು ಎಂದು ಕೇಳಿ. ಒಪ್ಪಂದ ತಡವಾಗಿದ್ದರೆ ಹಳೆಯ ದಿನಾಂಕದಿಂದ ಏರಿಯರ್ಸ್ ಇದೆಯೇ ಎಂದೂ ಕೇಳಿ.

ಒಂದೇ ಸಲ ಕೊಡುವ ದೊಡ್ಡ ಮೊತ್ತವನ್ನು ಕಂಡು ಮರುಳಾಗಬಾರದು. ಅದು ಮೂಲ ವೇತನಕ್ಕೆ ಸೇರುವುದಿಲ್ಲ. ಮೂಲ ವೇತನಕ್ಕೆ ಸೇರದ ಹಣ ಓಟಿ ದರವನ್ನೂ ನಿವೃತ್ತಿಯ ಹಣವನ್ನೂ ಏರಿಸುವುದಿಲ್ಲ, ಮುಂದಿನ ಒಪ್ಪಂದದ ಮಾತುಕತೆಗೆ ಬುನಾದಿಯೂ ಆಗುವುದಿಲ್ಲ. ನಿವೃತ್ತಿ ಹತ್ತಿರವಿರುವವರಿಗೆ ಇದು ಹೆಚ್ಚು ತಟ್ಟುತ್ತದೆ, ಆದರೆ ಕೈಗೆ ನಗದು ಬರುವಾಗ ಬೇಡ ಎನ್ನಲು ಅವರಿಗೇ ಕಷ್ಟ. ಹೆಚ್ಚಳ ಶೇಕಡಾವಾರು ಇದ್ದರೆ ಮೇಲಿನ ದರ್ಜೆಯವರಿಗೆ ಲಾಭ, ಎಲ್ಲರಿಗೂ ಒಂದೇ ಮೊತ್ತ ಇದ್ದರೆ ಕೆಳಗಿನ ದರ್ಜೆಯವರಿಗೆ. ಇದರಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದರಿಂದ ಯೂನಿಯನ್ ಯಾರ ಕೈಯಲ್ಲಿದೆ ಎಂದು ತಿಳಿಯಬಹುದು.

ಬೆಲೆ ಏರಿಕೆಗೆ ತಕ್ಕಂತೆ ತಾನಾಗಿ ಏರುವ ಭತ್ಯೆಯ ಕಲಮು ಇದ್ದರೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಅಮೆರಿಕದ ಮೋಟಾರು ಕಾರ್ಮಿಕರ ಸಂಘ ಯುಎಡಬ್ಲ್ಯು 1948ರಲ್ಲಿ ಜನರಲ್ ಮೋಟರ್ಸ್ ಜೊತೆ ಅಂಥ ಕಲಮು ಬರೆಸಿತ್ತು. 2009ರ ಬಿಕ್ಕಟ್ಟಿನಲ್ಲಿ ಅದನ್ನು ಬಿಟ್ಟುಕೊಟ್ಟಿತು. ಮತ್ತೆ ಪಡೆಯಲು 2023ರತನಕ ಕಾಯಬೇಕಾಯಿತು.

ಮುಷ್ಕರ ಎಂಬ ದುಬಾರಿ ಸೇವೆ

ಮುಷ್ಕರಕ್ಕೆ ಮುಂಚೆ ಒಂದು ಸರಳ ಲೆಕ್ಕವನ್ನು ಎಲ್ಲ ಸದಸ್ಯರ ಎದುರು ಹಾಕಬೇಕು. 40 ದಿನ ಮುಷ್ಕರ ನಡೆದು, ಕಂಪನಿಯ ಕೊನೆಯ ಮಾತಿಗಿಂತ ಶೇಕಡಾ 6 ಹೆಚ್ಚಿಗೆ ಸಿಕ್ಕಿತು ಎನ್ನಿ. ವರ್ಷಕ್ಕೆ ಆ ಹೆಚ್ಚಳ ಸುಮಾರು 22 ದಿನದ ಸಂಬಳಕ್ಕೆ ಸಮ. ಕಳೆದುಕೊಂಡ 40 ದಿನ ವಾಪಸು ಬರಲು ಸುಮಾರು ಒಂದು ವರ್ಷ ಹತ್ತು ತಿಂಗಳು ಬೇಕು. ಒಪ್ಪಂದ ಮೂರು ವರ್ಷದ್ದಾದರೆ ಲಾಭ. ಹೆಚ್ಚಿಗೆ ಸಿಕ್ಕಿದ್ದು ಶೇಕಡಾ 3 ಮಾತ್ರವಾದರೆ ಮೂರೂವರೆ ವರ್ಷ ದಾಟುತ್ತದೆ, ಅಷ್ಟರಲ್ಲಿ ಒಪ್ಪಂದವೇ ಮುಗಿದಿರುತ್ತದೆ. ಮುಷ್ಕರ ನಿಧಿಯಿಂದ ದಿನಗೂಲಿಯ ಮೂರನೇ ಒಂದು ಪಾಲು ಸಿಗುವಂತಿದ್ದರೆ ನಷ್ಟ 27 ದಿನಕ್ಕೆ ಇಳಿಯುತ್ತದೆ, ಲೆಕ್ಕ ಬೇರೆಯೇ ಆಗುತ್ತದೆ. ಕೆಲವು ಮುಷ್ಕರಗಳನ್ನು ಹಣಕ್ಕಲ್ಲದೆ ಸುರಕ್ಷತೆಗೋ ಮಾನಕ್ಕೋ ಹೂಡುತ್ತಾರೆ. ಆಗ ಈ ಲೆಕ್ಕ ನಿರ್ಣಾಯಕವಲ್ಲ. ಆದರೂ ಲೆಕ್ಕ ಗೊತ್ತಿದ್ದು ಇಳಿಯುವುದು ಬೇರೆ, ಗೊತ್ತಿಲ್ಲದೆ ಇಳಿಯುವುದು ಬೇರೆ.

ಲೆಕ್ಕದ ಜೊತೆಗೆ ಇನ್ನೆರಡು ಬೇಕು: ಗುಪ್ತ ಮತದಾನ ಮತ್ತು ಹೊರಬರುವ ದಾರಿ. ಬ್ರಿಟನ್ನಿನ ಗಣಿ ಕಾರ್ಮಿಕರು 1984ರ ಮಾರ್ಚ್‌ನಲ್ಲಿ ಶುರುಮಾಡಿದ ಮುಷ್ಕರಕ್ಕೆ ರಾಷ್ಟ್ರಮಟ್ಟದ ಮತದಾನ ನಡೆಯಲಿಲ್ಲ. ನಾಟಿಂಗ್‌ಹ್ಯಾಮ್‌ಶೈರ್‌ನ ಬಹಳಷ್ಟು ಗಣಿಗಳು ಕೆಲಸ ಮುಂದುವರಿಸಿದವು, ಒಂದು ವರ್ಷದ ನಂತರ ಒಪ್ಪಂದವಿಲ್ಲದೆಯೇ ಮುಷ್ಕರ ಕೊನೆಗೊಂಡಿತು, 1985ರಲ್ಲಿ ಸಂಘವೇ ಒಡೆಯಿತು. ಅಮೆರಿಕದ ವಿಮಾನ ಸಂಚಾರ ನಿಯಂತ್ರಕರು 1981ರ ಆಗಸ್ಟ್ 3ರಂದು ಮುಷ್ಕರ ಹೂಡಿದರು. ಅಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಮುಷ್ಕರ ಕಾನೂನುಬಾಹಿರ. 48 ಗಂಟೆಗಳ ಗಡುವು ಕೊಟ್ಟ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ವಜಾ ಮಾಡಿದರು. ನಮ್ಮ ಕೆಲಸಕ್ಕೆ ಬದಲಿ ಜನ ಸಿಗುವುದಿಲ್ಲ ಎಂಬ ನಂಬಿಕೆ ಅವರನ್ನು ಮುಳುಗಿಸಿತು. ಮುಷ್ಕರದ ನೋಟಿಸಿಗೆ ಸಹಿ ಹಾಕುವ ಮೊದಲು, ಮೇಲ್ವಿಚಾರಕರನ್ನೂ ಹೊರಗಿನವರನ್ನೂ ಸೇರಿಸಿ ಕಂಪನಿ ಎಷ್ಟು ದಿನ ಓಡಿಸಬಲ್ಲದು, ಗೋದಾಮಿನಲ್ಲಿ ಎಷ್ಟು ವಾರದ ಸರಕಿದೆ ಎಂದು ಯಾರಾದರೂ ಎಣಿಸಿರಲೇಬೇಕು.

ಮುಷ್ಕರ ಹೂಡಿದ ಸಂಘದ ಮೇಲೆ ನಷ್ಟ ಪರಿಹಾರದ ದಾವೆ ಬೀಳದಂತೆ ಕಾನೂನಿನ ರಕ್ಷಣೆ ಇದೆ ಎಂಬುದು ಈಗ ಸಹಜ ಎನಿಸುತ್ತದೆ. ಅದು ಸುಮ್ಮನೆ ಬಂದದ್ದಲ್ಲ. 1901ರ ಟಾಫ್ ವೇಲ್ ಪ್ರಕರಣದಲ್ಲಿ ಬ್ರಿಟನ್ನಿನ ರೈಲ್ವೆ ಕಾರ್ಮಿಕರ ಸಂಘ ಮುಷ್ಕರದ ನಷ್ಟ ತೆರಬೇಕೆಂದು ತೀರ್ಪಾಯಿತು. ಪರಿಹಾರವೇ 23,000 ಪೌಂಡ್. 1906ರ ಕಾನೂನು ಅದನ್ನು ಸರಿಪಡಿಸಿತು. ಭಾರತದಲ್ಲಿ 1918ರಲ್ಲಿ ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್ನಿನ ಬಿ.ಪಿ. ವಾಡಿಯಾ ಅವರ ವಿರುದ್ಧ ಮಿಲ್ ಮಾಲೀಕರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು, ಆ ನೋವಿನಿಂದಲೇ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ದಾರಿಯಾಯಿತು. ಭಾರತದಂಥ ಕಡೆ ಈ ರಕ್ಷಣೆ ನೋಂದಾಯಿತ ಸಂಘಕ್ಕೆ ಮಾತ್ರ. ಹಾಗಾಗಿ ನೋಂದಣಿ ಪ್ರಮಾಣಪತ್ರ, ವಾರ್ಷಿಕ ಲೆಕ್ಕಪತ್ರ ಸಲ್ಲಿಸಿದ ರಸೀದಿ ಇವೆರಡನ್ನೂ ಕಣ್ಣಾರೆ ನೋಡದೆ ಮುಷ್ಕರಕ್ಕೆ ಕೈಯೆತ್ತಬಾರದು. ಲೆಕ್ಕಪತ್ರ ಸಲ್ಲಿಸದೆ ನೋಂದಣಿ ರದ್ದಾಗಿದ್ದು ತಿಳಿಯದ ಸಂಘಗಳೂ ಇರುತ್ತವೆ.

ಹಾನಿ ಯಾರಿಗೆ

ಯೂನಿಯನ್ ಹಾನಿ ಮಾಡುತ್ತದೆ ಎನ್ನುವವರು ಸಾಮಾನ್ಯವಾಗಿ ಕಂಪನಿಯ ನಷ್ಟವನ್ನು ತೋರಿಸುತ್ತಾರೆ. ನಮ್ಮನ್ನು ಕಾಡುವುದು ಬೇರೆ ಹಾನಿ: ಪ್ರತಿನಿಧಿಸಬೇಕಾದವರಲ್ಲೇ ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಬಿಟ್ಟುಕೊಡುವುದು.

ಇದರ ಅತಿ ಕೆಟ್ಟ ರೂಪ ಅಮೆರಿಕದ ರೈಲ್ವೆಯಲ್ಲಿ ಕಂಡಿತು. ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಗಾರರ ಸಂಘ ಕಪ್ಪು ಜನರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಆದರೆ ಕಾನೂನಿನ ಪ್ರಕಾರ ಅವರ ಪರವಾಗಿಯೂ ಮಾತಾಡುವ ಏಕೈಕ ಪ್ರತಿನಿಧಿ ಅದೇ. ಆ ಅಧಿಕಾರವನ್ನೇ ಬಳಸಿ ಕಪ್ಪು ಕೆಲಸಗಾರರನ್ನು ಕೆಲಸದಿಂದ ತಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. 1944ರ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಏಕೈಕ ಪ್ರತಿನಿಧಿ ಎಂಬ ಅಧಿಕಾರ ಪಡೆದ ಸಂಘ ತಾರತಮ್ಯವಿಲ್ಲದೆ ಎಲ್ಲರನ್ನೂ ಪ್ರತಿನಿಧಿಸಲೇಬೇಕು ಎಂದಿತು. 1967ರ ವಾಕಾ ಪ್ರಕರಣ ಅದಕ್ಕೆ ಅಳತೆಗೋಲು ಕೊಟ್ಟಿತು: ಸಂಘ ಮನಬಂದಂತೆ, ಪಕ್ಷಪಾತದಿಂದ ಅಥವಾ ಕೆಟ್ಟ ಉದ್ದೇಶದಿಂದ ನಡೆದುಕೊಂಡರೆ ಸದಸ್ಯರೇ ಅದರ ಮೇಲೆ ದಾವೆ ಹೂಡಬಹುದು.

ಇವತ್ತಿನ ರೂಪ ಅಷ್ಟು ಬಹಿರಂಗವಲ್ಲ. ಈಗಿರುವ ಕಾಯಂ ನೌಕರರ ಸಂಬಳ ಮುಟ್ಟುವುದಿಲ್ಲ, ಇನ್ನು ಮುಂದೆ ಸೇರುವವರಿಗೆ ಕಡಿಮೆ ಎಂದು ಕಂಪನಿ ಹೇಳುತ್ತದೆ. ಮತ ಹಾಕುವವರು ಈಗಿರುವವರು, ನಷ್ಟವಾಗುವವರು ಇನ್ನೂ ಬಂದೇ ಇಲ್ಲ. ಒಪ್ಪಂದ ಸುಲಭವಾಗಿ ಪಾಸಾಗುತ್ತದೆ. ಯುಎಡಬ್ಲ್ಯು 2007ರಲ್ಲಿ ಹೀಗೇ ಎರಡು ದರ್ಜೆಯ ಸಂಬಳ ಒಪ್ಪಿತು. ಒಂದೇ ಕೆಲಸ ಮಾಡುವ ಹೊಸಬರಿಗೆ ಹಳಬರ ಸುಮಾರು ಅರ್ಧ ಕೂಲಿ. ಹತ್ತು ವರ್ಷದಲ್ಲಿ ಹೊಸಬರ ಸಂಖ್ಯೆ ಬೆಳೆಯುತ್ತದೆ, ಹಳಬರಿಗಾಗಿ ಮುಷ್ಕರಕ್ಕೆ ಇಳಿಯಲು ಅವರಿಗೆ ಮನಸ್ಸಿರುವುದಿಲ್ಲ. ಉಳಿಸಿಕೊಂಡೆವು ಎಂದುಕೊಂಡ ಹಳಬರ ಬಲವೂ ಕರಗುತ್ತದೆ. ಗುತ್ತಿಗೆ ಕಾರ್ಮಿಕರ ವಿಷಯದಲ್ಲೂ ಇದೇ ಕಥೆ. ಪಕ್ಕದ ಯಂತ್ರದ ಮುಂದೆ ನಿಂತವರನ್ನು ಸದಸ್ಯರಾಗಿ ಸೇರಿಸದ ಸಂಘಕ್ಕೆ ಮುಷ್ಕರದ ದಿನ ಅವರೇ ಬದಲಿ ಆಳುಗಳಾಗಿ ಎದುರಾಗುತ್ತಾರೆ. ಬೈಲಾದಲ್ಲಿ ಸದಸ್ಯತ್ವದ ಕಲಮು ಓದಿ. "ಕಾಯಂ ನೌಕರರು" ಎಂದಷ್ಟೇ ಇದ್ದರೆ ಆ ಸಂಘದ ಆಯಸ್ಸು ಎಣಿಸಿಟ್ಟದ್ದು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಮಗೆ ಅನುಮಾನವೇ ಇಲ್ಲ. ಅಮೆರಿಕದ ಕಲ್ಲಿದ್ದಲು ಗಣಿಗಳ ಬಗ್ಗೆ ಆಲಿಸನ್ ಮೊರಾಂಟ್ಸ್ ನಡೆಸಿದ ಅಧ್ಯಯನದಲ್ಲಿ ಯೂನಿಯನ್ ಇರುವ ಗಣಿಗಳಲ್ಲಿ ಸಾವುಗಳೂ ಗಂಭೀರ ಗಾಯಗಳೂ ಕಡಿಮೆ ಕಂಡವು. ಕಾರಣ ಸರಳ: ಯಂತ್ರ ನಿಲ್ಲಿಸಿ ಎಂದು ಹೇಳಿದವರ ಕೆಲಸ ಹೋಗುವುದಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಜನ ಯಂತ್ರ ನಿಲ್ಲಿಸುತ್ತಾರೆ.

ಕೆಳಗಿಳಿಸುವ ಅಧಿಕಾರ

ಎರಡು ಉದಾಹರಣೆಗಳನ್ನು ಎದುರೆದುರು ಇಟ್ಟು ನೋಡಿ. ಮುಂಬೈನ ಹತ್ತಿ ಗಿರಣಿಗಳಲ್ಲಿ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯಡಿ ಮಾತುಕತೆಯ ಹಕ್ಕು ಇದ್ದದ್ದು ಮಾನ್ಯತೆ ಪಡೆದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಒಂದಕ್ಕೇ. ಕಾರ್ಮಿಕರಿಗೆ ಅದರ ಮೇಲೆ ನಂಬಿಕೆ ಉಳಿದಿರಲಿಲ್ಲ, ಬದಲಾಯಿಸಲು ದಾರಿಯೂ ಇರಲಿಲ್ಲ. ಅವರು ಆ ಸಂಘದ ಹೊರಗಿನ ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಬಳಿಗೆ ಹೋದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನರ ಮುಷ್ಕರ ಶುರುವಾಯಿತು. ಮಾನ್ಯತೆ ಇಲ್ಲದ ನಾಯಕರ ಜೊತೆ ಮಾತಾಡುವುದಿಲ್ಲ ಎಂದು ಮಾಲೀಕರು ಕೂತರು, ಒಪ್ಪಂದಕ್ಕೆ ಸಹಿ ಹಾಕುವವರೇ ಇಲ್ಲವಾದರು. ಆ ಮುಷ್ಕರವನ್ನು ಇವತ್ತಿನವರೆಗೂ ಅಧಿಕೃತವಾಗಿ ಹಿಂತೆಗೆದಿಲ್ಲ. ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋದವು. ಗಿರಣಿ ಮಾಲೀಕರ ಹಟ, ಹಳೆಯ ಯಂತ್ರ, ಜಮೀನಿನ ಬೆಲೆ ಎಲ್ಲವೂ ಅದರಲ್ಲಿ ಸೇರಿದ್ದವು. ಆದರೆ ಸದಸ್ಯರು ಬೇಡವೆಂದ ಸಂಘವನ್ನು ಕಾನೂನು ಅವರ ತಲೆಯ ಮೇಲೆ ಕೂರಿಸಿಟ್ಟಿದ್ದೇ ಮೊದಲ ಬಿರುಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಇನ್ನೊಂದು ಕಡೆ ಮತ್ತೆ ಯುಎಡಬ್ಲ್ಯು. ಅದರ ಇಬ್ಬರು ಮಾಜಿ ಅಧ್ಯಕ್ಷರಾದ ಡೆನಿಸ್ ವಿಲಿಯಮ್ಸ್ ಮತ್ತು ಗ್ಯಾರಿ ಜೋನ್ಸ್ ಸದಸ್ಯರ ಹಣ ದುರ್ಬಳಕೆ ಮಾಡಿದ್ದನ್ನು 2020ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡು ಜೈಲಿಗೆ ಹೋದರು. ವಿಲ್ಲಾ, ಗಾಲ್ಫ್, ಮದ್ಯ, ಚುಟ್ಟಕ್ಕೆ ಚಂದಾ ಹಣ ಹೋಗಿತ್ತು. ಅಲ್ಲಿಯವರೆಗೆ ಅಧ್ಯಕ್ಷರನ್ನು ಆರಿಸುತ್ತಿದ್ದವರು ಸಮ್ಮೇಳನದ ಪ್ರತಿನಿಧಿಗಳು. 2021ರಲ್ಲಿ ಸದಸ್ಯರು ಮತ ಹಾಕಿ ನೇರ ಚುನಾವಣೆ ತಂದರು. 2023ರ ಮಾರ್ಚ್‌ನಲ್ಲಿ ಶಾನ್ ಫೇನ್ ಕಡಿಮೆ ಅಂತರದಲ್ಲಿ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 15ರಿಂದ ಜನರಲ್ ಮೋಟರ್ಸ್, ಫೋರ್ಡ್, ಸ್ಟೆಲ್ಲಾಂಟಿಸ್ ಎಂಬ ಮೂರು ಕಾರು ಕಂಪನಿಗಳ ಆಯ್ದ ಕಾರ್ಖಾನೆಗಳಲ್ಲಿ ಮಾತ್ರ ಮುಷ್ಕರ ಹೂಡಿ, ವಾರಕ್ಕೆ 500 ಡಾಲರ್ ಕೊಡುತ್ತಿದ್ದ ಮುಷ್ಕರ ನಿಧಿ ಬೇಗ ಬರಿದಾಗದಂತೆ ನೋಡಿಕೊಂಡರು. ಸುಮಾರು ಆರು ವಾರಗಳ ನಂತರ ನಾಲ್ಕೂವರೆ ವರ್ಷಕ್ಕೆ ಶೇಕಡಾ 25 ಹೆಚ್ಚಳ ಸಿಕ್ಕಿತು, ಪೂರ್ಣ ದರ ತಲುಪಲು ಬೇಕಿದ್ದ ಎಂಟು ವರ್ಷ ಮೂರಕ್ಕೆ ಇಳಿಯಿತು. ಹಾಗಿದ್ದೂ ಜನರಲ್ ಮೋಟರ್ಸ್‌ನಲ್ಲಿ ಒಪ್ಪಂದದ ಪರ ಬಿದ್ದ ಮತ ಸುಮಾರು ಶೇಕಡಾ 55 ಮಾತ್ರ. ಅಷ್ಟು ಜನ ಬೇಡ ಎಂದು ಹೇಳಲು ಸಾಧ್ಯವಾದದ್ದೂ ಸಂಘದ ಆರೋಗ್ಯದ ಗುರುತು. ಶೇಕಡಾ 98 ಮತದಿಂದ ಪಾಸಾಗುವ ಒಪ್ಪಂದದಲ್ಲಿ ಮತ ಎಣಿಸಿದವರು ಯಾರು ಎಂದು ಕೇಳಬೇಕು.

ನಿಮ್ಮ ಸಂಘವನ್ನು ಪರೀಕ್ಷಿಸಲು ಒಂದು ಸಂಜೆ ಸಾಕು. ಬೈಲಾ, ಕಳೆದ ಮೂರು ವರ್ಷದ ಲೆಕ್ಕಪತ್ರ, ಕಳೆದ ಮಹಾಸಭೆಯ ನಡಾವಳಿ ಇವುಗಳ ಪ್ರತಿ ಲಿಖಿತವಾಗಿ ಕೇಳಿ. ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ಕಾನೂನು ವೆಚ್ಚ, ಮುಷ್ಕರ ನಿಧಿ, ಪ್ರಯಾಣ ವೆಚ್ಚ ಇವು ಮೂರೇ. ಪ್ರಯಾಣ ಮೊದಲೆರಡನ್ನು ಮೀರಿದ್ದರೆ ಕಾರಣ ಕೇಳಿ. ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಮತಪಟ್ಟಿ ಎಷ್ಟು ದಿನ ಮೊದಲು ಹಾಕುತ್ತಾರೆ, ಕೈಯೆತ್ತಿಯೋ ಗುಪ್ತವಾಗಿಯೋ ಎಂದು ನೋಡಿ. ಸದಸ್ಯತ್ವದ ಅರ್ಜಿ ಹಂಚುವುದು ಎಚ್‌ಆರ್ ವಿಭಾಗದವರು, ಬೇಡಿಕೆ ಪಟ್ಟಿಯೇ ಕೊಡದೆ ಸೆಟ್ಲ್‌ಮೆಂಟ್ ಆಗಿದೆ, ಯಾವ ದೂರೂ ಎರಡನೇ ಹಂತ ದಾಟಿಲ್ಲ, ಪದಾಧಿಕಾರಿಗಳು ಯಾವಾಗಲೂ ಹಗಲು ಪಾಳಿಯಲ್ಲೇ ಇರುತ್ತಾರೆ: ಇಷ್ಟೂ ಒಟ್ಟಿಗೆ ಕಂಡರೆ ಅದು ಪಾಕೆಟ್ ಯೂನಿಯನ್, ಅಂದರೆ ಕಂಪನಿಯ ಜೇಬಿನಲ್ಲಿರುವ ಸಂಘ. ಚಂದಾವನ್ನು ಕಂಪನಿಯೇ ಸಂಬಳದಿಂದ ಕಡಿದುಕೊಡುವ ಪದ್ಧತಿ ಅನುಕೂಲ ನಿಜ, ಹಣ ತಪ್ಪುವುದಿಲ್ಲ. ಆದರೆ ಕೈಯಿಂದ ಚಂದಾ ಎತ್ತುವ ಕಡೆ ಪ್ರತಿನಿಧಿ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಮುಖ ನೋಡಲೇಬೇಕು, ಬೈಗುಳ ಕೇಳಲೇಬೇಕು. ಕಡಿತ ಶುರುವಾದ ಮೇಲೆ ಆ ಭೇಟಿ ನಿಂತುಹೋಗುತ್ತದೆ. ಕಡಿತ ಇಟ್ಟುಕೊಂಡೇ ತಿಂಗಳ ಸುತ್ತನ್ನು ಬೈಲಾದಲ್ಲಿ ಕಡ್ಡಾಯ ಮಾಡುವುದು ಉತ್ತಮ.

ಪರೀಕ್ಷೆಯಲ್ಲಿ ಸಂಘ ಸೋತರೆ ಬಹಳ ಜನ ಮಾಡುವ ಮೊದಲ ಕೆಲಸ ಕೋಪದಿಂದ ಚಂದಾ ನಿಲ್ಲಿಸುವುದು. ಅದು ನಾಯಕರಿಗೆ ಬೇಕಾದದ್ದೇ. ಚಂದಾ ಬಾಕಿ ಇದ್ದವರ ಹೆಸರು ಮತಪಟ್ಟಿಯಿಂದ ಹೋಗುತ್ತದೆ, ನಾಮಪತ್ರ ತಿರಸ್ಕೃತವಾಗುತ್ತದೆ, ವಿಶೇಷ ಮಹಾಸಭೆ ಕರೆಯಲು ಬೇಕಾದ ಸಹಿಗಳಲ್ಲಿ ಅವರದು ಎಣಿಕೆಗೆ ಬರುವುದಿಲ್ಲ. ಆದ್ದರಿಂದ ಚಂದಾ ಕಟ್ಟುತ್ತಲೇ ಇರಿ, ರಸೀದಿ ಜೋಪಾನ ಮಾಡಿ. ವಿಶೇಷ ಸಭೆಗೆ ಎಷ್ಟು ಸದಸ್ಯರ ಸಹಿ ಬೇಕು ಎಂದು ಬೈಲಾದಲ್ಲಿ ನೋಡಿ, ಅದಕ್ಕಿಂತ ಕಾಲು ಭಾಗ ಹೆಚ್ಚು ಸಹಿ ಸಂಗ್ರಹಿಸಿ. ಕೆಲವರು ಒತ್ತಡಕ್ಕೆ ಮಣಿದು ಹಿಂತೆಗೆಯುತ್ತಾರೆ, ಕೆಲವು ಸಹಿ ದಾಖಲೆಗೆ ತಾಳೆಯಾಗುವುದಿಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಾರ್ಯದರ್ಶಿಯ ಸ್ವೀಕೃತಿ ಮುದ್ರೆಯನ್ನೂ ತಾರೀಕನ್ನೂ ಹಾಕಿಸಿಕೊಳ್ಳಿ. ಅವರು ನಿರಾಕರಿಸಿದರೆ ನೋಂದಾಯಿತ ಅಂಚೆಯಲ್ಲಿ ಅದೇ ದಿನ ಕಳಿಸಿ, ಸಭೆ ಕರೆಯುವ ಗಡುವನ್ನು ಅಂಚೆ ತಲುಪಿದ ದಿನದಿಂದ ಎಣಿಸಿ.